ಬೋರ್ಡ್ ಔಟ್ ಆದ ಮೇಲೆ ಮತ್ತೆ ಸೈನ್ಯಕ್ಕೆ ಮರಳಬಹುದೇ?

ಪ್ರಶ್ನೆ: ನನ್ನ ತಮ್ಮ ಸೈನ್ಯದಲ್ಲಿ ಸಿಪಾಯಿಯಾಗಿದ್ದ. ಕರ್ತವ್ಯದಲ್ಲಿದ್ದಾಗ ಮೊಣಕಾಲಿನ ಲಿಗಮೆಂಟ್ ಹರಿದು, ಆಪರೇಷನ್ ಆಗಿ, ಕೊನೆಗೆ ಮೆಡಿಕಲ್ ಬೋರ್ಡ್ ಮಾಡಿ ಮನೆಗೆ ಕಳುಹಿಸಿದರು. ಈಗ ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ಕೆಲಸವನ್ನೆಲ್ಲ ಅವನೇ ನೋಡಿಕೊಳ್ಳುತ್ತಾನೆ, ಕಾಲು ಪೂರ್ತಿ ಸರಿಹೋಗಿದೆ. ಅವನು ಮತ್ತೆ ಸೈನ್ಯಕ್ಕೆ ಸೇರಬಹುದೇ?

ಉತ್ತರ: ಹೊಸ ಅಭ್ಯರ್ಥಿಯಾಗಿ ಭರ್ತಿ ರ‍್ಯಾಲಿಯಲ್ಲಿ ನಿಂತು ಮತ್ತೆ ಸೇರುವ ದಾರಿ ನಿಮ್ಮ ತಮ್ಮನಿಗೆ ಇಲ್ಲವೆಂದೇ ತಿಳಿಯಿರಿ. ಈಗ ಸಿಪಾಯಿಗಳನ್ನು ನಾಲ್ಕು ವರ್ಷದ ಅಗ್ನಿವೀರರಾಗಿ ಸೇರಿಸಿಕೊಳ್ಳುತ್ತಾರೆ, ಅವರ ವಯೋಮಿತಿ ಇಪ್ಪತ್ತರ ಆಸುಪಾಸಿಗೇ ಮುಗಿದುಹೋಗುತ್ತದೆ. ಸೇವೆ ಸಲ್ಲಿಸಿ ಬಂದ ಬಹುತೇಕರು ಅದನ್ನು ದಾಟಿರುತ್ತಾರೆ. ಅವರು ಮರಳಿ ಸಮವಸ್ತ್ರ ತೊಡಬಹುದಾದ ದಾರಿ ಒಂದಿದ್ದರೆ, ಅದು ಅವರನ್ನು ಮನೆಗೆ ಕಳುಹಿಸಿದ ಆದೇಶವನ್ನೇ ಪ್ರಶ್ನಿಸುವ ದಾರಿ. ಆ ದಾರಿ ಕಿರಿದಾಗಿದೆ, ಅದಕ್ಕೆ ಗಡುವೂ ಇದೆ.

‘ಈಗ ಗುಣವಾಗಿದೆ’ ಎಂಬ ಮಾತು ಏಕೆ ಸಾಲದು ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಮಲೆನಾಡಿನ ಮನೆಗಳಲ್ಲಿ ಹೆಚ್ಚು ನೋವು ತರುವುದು ಇದೇ ವಿಷಯ. ಕೊಯ್ಲಿನ ಕಾಲದಲ್ಲಿ ಅಡಿಕೆ ಗೊನೆಗಳ ಹೊರೆ ಹೊತ್ತು, ಬಸಿಗಾಲುವೆಗಳನ್ನು ದಾಟಿ, ಪಾಚಿ ಕಟ್ಟಿದ ದರೆ ಹತ್ತಿ ಅಂಗಳಕ್ಕೆ ಬರುವ ಮಗನನ್ನು ದಿನವೂ ಕಾಣುವ ತಂದೆತಾಯಿಗೆ, ಅವನನ್ನು ‘ಅನರ್ಹ’ ಎಂದು ಬರೆದ ಕಾಗದ ಸುಳ್ಳೆಂದೇ ತೋರುತ್ತದೆ. ಆದರೆ ಬೋರ್ಡ್ ಅಳೆಯುವುದು ಬೇರೆಯದನ್ನು. ಸೈನ್ಯದ ವೈದ್ಯಕೀಯ ವರ್ಗೀಕರಣಕ್ಕೆ ‘ಶೇಪ್’ ಎಂದು ಹೆಸರು: ಮನಸ್ಸು, ಶ್ರವಣ, ಕೈಕಾಲು, ದೇಹದ ಒಟ್ಟು ಸಾಮರ್ಥ್ಯ, ದೃಷ್ಟಿ ಎಂಬ ಐದು ಅಂಶಗಳಿಗೂ ಬೇರೆ ಬೇರೆಯಾಗಿ 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ. ಶೇಪ್ 1 ಎಂದರೆ ಎಲ್ಲಿಗೆ ಕಳುಹಿಸಿದರೂ ಯಾವ ಕೆಲಸಕ್ಕಾದರೂ ಸಿದ್ಧ. 5 ಎಂದರೆ ಸೈನಿಕ ಸೇವೆಗೆ ಶಾಶ್ವತವಾಗಿ ಅನರ್ಹ. ತೋಟದಲ್ಲಿ ಮಂಡಿ ಊದಿಕೊಂಡರೆ ಒಂದು ದಿನ ಕೂತು ಎಣ್ಣೆ ಹಚ್ಚಿಕೊಳ್ಳಬಹುದು. ಹಿಮ ಮುಚ್ಚಿದ ಚೌಕಿಯಲ್ಲಿ ಆ ಅವಕಾಶವಿಲ್ಲ, ಅಲ್ಲಿ ಕಾಲು ಕೈಕೊಟ್ಟರೆ ಅವರನ್ನು ಹೊತ್ತು ಇಳಿಸುವ ನಾಲ್ವರ ಜೀವವೂ ಅಪಾಯಕ್ಕೆ ಸಿಲುಕುತ್ತದೆ. ಕಾಲು ಇಂದು ಹೇಗಿದೆ ಎಂಬುದರ ಜೊತೆಗೆ, ಅಂಥ ಸ್ಥಳದಲ್ಲಿ ಮುಂದೆ ಏನಾಗಬಹುದು ಎಂಬುದನ್ನೂ ತೂಗಿ ಬೋರ್ಡ್ ತೀರ್ಮಾನ ಬರೆಯುತ್ತದೆ.

ಆದ್ದರಿಂದ ಮೊದಲು ಅವರ ಡಿಸ್ಚಾರ್ಜ್ ಬುಕ್, ಅಂದರೆ ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕ ತೆಗೆದು, ಬಿಡುಗಡೆಯ ಕಾರಣವನ್ನು ಬರೆದ ಸಾಲನ್ನು ನಿಧಾನವಾಗಿ ಓದಿ. ‘ಬೋರ್ಡ್ ಔಟ್’ ಎಂದು ಊರಿನಲ್ಲಿ ಒಂದೇ ಮಾತಿನಲ್ಲಿ ಹೇಳುವುದರ ಒಳಗೆ ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್, ಅಂದರೆ ಸೈನಿಕ ಸೇವೆಯಲ್ಲಿ ಮುಂದುವರಿಯಬಲ್ಲನೇ ಎಂದು ತೀರ್ಮಾನಿಸುವ ವೈದ್ಯರ ಮಂಡಳಿ ಕೂತು ‘ಮುಂದಿನ ಸೇವೆಗೆ ಅನರ್ಹ’ ಎಂದು ಶಿಫಾರಸು ಮಾಡಿದ್ದು ಒಂದು ಬಗೆ. ಕೆಳ ವೈದ್ಯಕೀಯ ವರ್ಗದಲ್ಲಿದ್ದವರಿಗೆ ಹಗುರ ಕೆಲಸದ ಹುದ್ದೆ ಇಲ್ಲವೆಂದು ಹೇಳಿ, ಬಿಡುಗಡೆಯ ಹೊತ್ತಿನ ಆರೋಗ್ಯವನ್ನು ದಾಖಲಿಸುವ ರಿಲೀಸ್ ಮೆಡಿಕಲ್ ಬೋರ್ಡ್ ಮಾತ್ರ ನಡೆಸಿ ಕಳುಹಿಸಿದ್ದು ಇನ್ನೊಂದು. ಅಂಥ ಹುದ್ದೆ ಬೇಡವೆಂದು ಸೈನಿಕನೇ ಬರೆದುಕೊಟ್ಟು ಬಂದದ್ದು ಮತ್ತೊಂದು. 1954ರ ಸೇನಾ ನಿಯಮಗಳ 13ನೇ ನಿಯಮದ ಪ್ರಕಾರ, ವೈದ್ಯಕೀಯವಾಗಿ ಅನರ್ಹನೆಂಬ ಕಾರಣಕ್ಕೆ ಸೈನಿಕನನ್ನು ಬಿಡುಗಡೆ ಮಾಡಬೇಕಾದರೆ ಇನ್‌ವ್ಯಾಲಿಡಿಂಗ್ ಬೋರ್ಡಿನ ಶಿಫಾರಸು ಇರಲೇಬೇಕು. ಕೆಳ ವರ್ಗದಲ್ಲಿದ್ದ ಒಬ್ಬ ಜೆಸಿಓ (ಸುಬೇದಾರ್ ಮಟ್ಟದ ಕಿರಿಯ ಅಧಿಕಾರಿ) ಅವರನ್ನು ಆ ಬೋರ್ಡ್ ಇಲ್ಲದೆಯೇ ಕಳುಹಿಸಿದ್ದು ಸರಿಯಲ್ಲವೆಂದು ಸುಪ್ರೀಂ ಕೋರ್ಟ್ 2008ರ ನವೆಂಬರ್‌ನಲ್ಲಿ, ರಾಜ್‌ಪಾಲ್ ಸಿಂಗ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ನಿಮ್ಮ ತಮ್ಮನ ಕಾಗದಗಳಲ್ಲಿ ಸರಿಯಾದ ಬೋರ್ಡಿನ ನಡಾವಳಿಯೇ ಇಲ್ಲದಿದ್ದರೆ, ಮರಳುವ ಬೇಡಿಕೆಗೆ ಗಟ್ಟಿಯಾದ ನೆಲೆ ಅಲ್ಲಿದೆ. ಬೋರ್ಡ್ ಕ್ರಮಬದ್ಧವಾಗಿ ನಡೆದಿದ್ದರೆ ಆ ನೆಲೆ ಬಹಳ ತೆಳುವಾಗುತ್ತದೆ.

ಡಿಸ್ಚಾರ್ಜ್ ಬುಕ್ಕಿನಲ್ಲಿ ಇದು ಸ್ಪಷ್ಟವಾಗದಿದ್ದರೆ, ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆದು ಬೋರ್ಡಿನ ಪೂರ್ಣ ನಡಾವಳಿಯ ಪ್ರತಿ ಕೇಳಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯವರಾದರೆ ಬೆಳಗಾವಿಗೆ, ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪಿನವರಾದರೆ ಬೆಂಗಳೂರಿಗೆ ಬರೆಯಬೇಕು. ಪ್ರತಿ ಕೈಗೆ ಬಂದ ಮೇಲೆ ಬೋರ್ಡಿನ ತೀರ್ಮಾನವನ್ನು ಮರುಪರಿಶೀಲಿಸುವಂತೆ ಮೇಲ್ಮನವಿ ಸಲ್ಲಿಸಿ, ಸೇನಾ ವೈದ್ಯರಿಂದಲೇ ಹೊಸ ಪರೀಕ್ಷೆಯಾಗಲಿ ಎಂದು ಕೋರಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮೂಳೆ ತಜ್ಞರು ‘ಕಾಲು ಸರಿಯಾಗಿದೆ’ ಎಂದು ಬರೆದುಕೊಟ್ಟ ಪ್ರಮಾಣಪತ್ರ ಅರ್ಜಿಗೆ ಆಧಾರವಾಗುತ್ತದೆಯೇ ಹೊರತು, ಅದರ ಬಲದಿಂದಲೇ ಯಾರೂ ಸೇವೆಗೆ ಮರಳಲಾರರು. ಕೆಳಗಿನ ಹಂತದಲ್ಲಿ ನ್ಯಾಯ ಸಿಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಬಾಗಿಲು ತಟ್ಟಬಹುದು. 2007ರ ಕಾಯ್ದೆಯಂತೆ ಸ್ಥಾಪನೆಯಾದ ಈ ಮಂಡಳಿಯಲ್ಲಿ ಕರ್ನಾಟಕದವರಿಗೆ ಸಂಬಂಧಿಸಿದ್ದು ಕೊಚ್ಚಿಯ ಪೀಠ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಅಲ್ಲಿ ಅರ್ಜಿ ಹಾಕಬೇಕು.

ಈ ಆರು ತಿಂಗಳ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪಿಂಚಣಿಯ ವಿಷಯದಲ್ಲಿ ನ್ಯಾಯಾಲಯಗಳು ತಡವನ್ನು ಸಾಕಷ್ಟು ಮನ್ನಿಸಿವೆ. 1983ರಲ್ಲಿ ವೈದ್ಯಕೀಯ ಕಾರಣಕ್ಕೆ ಸೇವೆಯಿಂದ ಹೊರಬಿದ್ದು, 1999ರಲ್ಲಿ ಅಂಗವೈಕಲ್ಯ ಪಿಂಚಣಿಗಾಗಿ ಹೈಕೋರ್ಟ್ ಮೆಟ್ಟಿಲೇರಿದ ತರ್ಸೆಮ್ ಸಿಂಗ್ ಅವರ ಪ್ರಕರಣದಲ್ಲಿ, ಪಿಂಚಣಿ ತಿಂಗಳು ತಿಂಗಳೂ ಸಲ್ಲಬೇಕಾದದ್ದಾದ್ದರಿಂದ ಹಕ್ಕು ಅಳಿಯುವುದಿಲ್ಲ, ಹಿಂಬಾಕಿ ಮಾತ್ರ ಮೂರು ವರ್ಷಕ್ಕೆ ಸೀಮಿತ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಸೇವೆಗೆ ಮರಳಿ ಸೇರಿಸಿಕೊಳ್ಳಿ ಎಂಬ ಬೇಡಿಕೆಗೆ ಇಂಥ ಸಹನೆ ಸಿಗುವುದಿಲ್ಲ. ‘ಈ ಮಳೆಗಾಲ ಮುಗಿಯಲಿ, ಆಮೇಲೆ ನೋಡೋಣ’ ಎಂದು ಕಳೆದ ತಿಂಗಳುಗಳೇ ಎಷ್ಟೋ ಕುಟುಂಬಗಳ ಕೈಯಿಂದ ಈ ಅವಕಾಶವನ್ನು ಜಾರಿಸಿವೆ.

ಇನ್ನೂ ಸೇವೆಯಲ್ಲಿದ್ದು, ತಾತ್ಕಾಲಿಕವಾಗಿ ಕೆಳ ವರ್ಗಕ್ಕೆ ಇಳಿದಿರುವ ಹುಡುಗರ ಮನೆಯವರಿಗೂ ಇಲ್ಲೇ ಒಂದು ಮಾತು ಹೇಳಬೇಕು: ಹೊರಬಂದು ಮರಳುವುದಕ್ಕಿಂತ ಒಳಗೇ ಉಳಿಯುವುದು ಎಷ್ಟೋ ಸುಲಭ. 1971ರ ಯುದ್ಧದಲ್ಲಿ ನೆಲಬಾಂಬಿಗೆ ಕಾಲು ಕಳೆದುಕೊಂಡ ಇಯಾನ್ ಕಾರ್ಡೋಜೋ ಅವರು ಕೃತಕ ಕಾಲಿನಲ್ಲೇ ತಮ್ಮ ಸಾಮರ್ಥ್ಯ ತೋರಿಸಿ, ಕಾಲಾಳು ಪಡೆಯ ಬೆಟಾಲಿಯನ್ನನ್ನೂ ಆಮೇಲೆ ಬ್ರಿಗೇಡನ್ನೂ ಮುನ್ನಡೆಸಿ, ಮೇಜರ್ ಜನರಲ್ ಆಗಿ ನಿವೃತ್ತರಾದರು. ಅವರು ಸೇವೆಯನ್ನು ಬಿಟ್ಟೇ ಇರಲಿಲ್ಲ. ಎಲ್ಲರಿಗೂ ಅಂಥ ಅವಕಾಶ ಸಿಗದು, ನಿಜ. ಆದರೂ ಸ್ಟೋರ್ ಅಥವಾ ಕಚೇರಿಯ ಕೆಲಸಕ್ಕೆ ಹಾಕುತ್ತಾರೆಂಬ ಬೇಸರದಲ್ಲಿ ‘ನನಗೆ ಮುಂದುವರಿಯಲು ಇಚ್ಛೆಯಿಲ್ಲ’ ಎಂಬ ಕಾಗದಕ್ಕೆ ಸಹಿ ಹಾಕುವ ಮೊದಲು ಮನೆಗೊಂದು ಫೋನ್ ಮಾಡಲಿ. ಆ ಸಹಿ ಬಿದ್ದ ಮೇಲೆ, ಮೇಲೆ ಹೇಳಿದ ನ್ಯಾಯದ ದಾರಿಯೂ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ಡಿಎಸ್‌ಸಿ, ಅಂದರೆ ರಕ್ಷಣಾ ಭದ್ರತಾ ದಳ, ಮಾಜಿ ಸೈನಿಕರನ್ನೇ ಸೇರಿಸಿಕೊಳ್ಳುತ್ತದೆ. ಆದರೆ ಅದು ಪಿಂಚಣಿ ಪಡೆದು ಆರೋಗ್ಯವಂತರಾಗಿ ನಿವೃತ್ತರಾದವರಿಗೆ ಹೇಳಿ ಮಾಡಿಸಿದ್ದು. ನಾಗರಿಕರು ಅರೆಕಾಲಿಕವಾಗಿ ಸೇವೆ ಸಲ್ಲಿಸುವ ಟೆರಿಟೋರಿಯಲ್ ಆರ್ಮಿಯಲ್ಲೂ ವೈದ್ಯಕೀಯ ಪರೀಕ್ಷೆ ತಪ್ಪದು. ವೈದ್ಯಕೀಯ ಕಾರಣಕ್ಕೆ ಬಂದವರು ಇವೆರಡರ ಮೇಲೆ ಹೆಚ್ಚು ಭರವಸೆ ಇಡದಿರುವುದು ಒಳ್ಳೆಯದು. ‘ಹಳೆಯ ಸೇವೆಯ ವಿಷಯ ಬರೆಯಬೇಡ, ಮತ್ತೆ ಭರ್ತಿ ಮಾಡಿಸುತ್ತೇನೆ’ ಎಂದು ಹಣ ಕೇಳುವವರು ಸಿಕ್ಕರೆ ಅವರನ್ನು ಮನೆಯ ಹೊಸಿಲು ದಾಟಲು ಬಿಡಬೇಡಿ. ಭರ್ತಿಯ ವೇಳೆ ಬೇಕೆಂದೇ ಸುಳ್ಳು ಉತ್ತರ ಕೊಟ್ಟರೆ 1950ರ ಸೇನಾ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಸೆರೆವಾಸ ಆಗಬಹುದು, ಆ ಶಿಕ್ಷೆ ಅನುಭವಿಸುವವನು ಹಣ ಪಡೆದವನಲ್ಲ, ನಿಮ್ಮ ತಮ್ಮ.

ಮರಳುವ ಪ್ರಯತ್ನ ನಡೆಯುತ್ತಿರುವಾಗಲೇ ಹಕ್ಕಿನ ಹಣವನ್ನೂ, ಅಂದರೆ ಅಂಗವೈಕಲ್ಯ ಪಿಂಚಣಿಯನ್ನೂ ಕೇಳಬೇಕು. ಒಂದಕ್ಕಾಗಿ ಇನ್ನೊಂದನ್ನು ತಡೆಹಿಡಿಯಬೇಕಾಗಿಲ್ಲ. ಬೋರ್ಡಿನ ನಡಾವಳಿಯಲ್ಲಿ ಎರಡು ಸಂಗತಿ ನೋಡಿ: ಗಾಯ ಸೇವೆಯಿಂದಲೇ ಆಯಿತೆಂದೋ ಸೇವೆಯಿಂದ ಉಲ್ಬಣಿಸಿತೆಂದೋ ಬರೆದಿದ್ದಾರೆಯೇ, ಮತ್ತು ಶೇಕಡಾ ಎಷ್ಟು ಅಂಗವೈಕಲ್ಯವೆಂದು ನಮೂದಿಸಿದ್ದಾರೆ. ಭರ್ತಿಯಾದಾಗಿನ ದಾಖಲೆಯಲ್ಲಿ ಆ ತೊಂದರೆಯ ಉಲ್ಲೇಖವಿಲ್ಲದಿದ್ದರೆ, ಅದು ಸೇವೆಯಿಂದಲೇ ಬಂದದ್ದೆಂದು ಸಾಮಾನ್ಯವಾಗಿ ಭಾವಿಸಬೇಕೆಂದು 2013ರ ಧರಮ್‌ವೀರ್ ಸಿಂಗ್ ತೀರ್ಪು ಹೇಳಿತು. 2023ರ ಸೆಪ್ಟೆಂಬರ್ 21ರಿಂದ ಈ ವಿಷಯದಲ್ಲಿ ಹೊಸ ನಿಯಮಗಳು ಜಾರಿಗೆ ಬಂದಿರುವುದರಿಂದ ಬಿಡುಗಡೆಯ ದಿನಾಂಕವೂ ಮುಖ್ಯವಾಗುತ್ತದೆ. ರಜೆಗೆ ಬಂದಾಗ ಊರಿನಲ್ಲಿ ಬೈಕಿನಿಂದ ಬಿದ್ದು ಆದ ಗಾಯವಾದರೆ ವಾದ ಕಷ್ಟ. ನಿಮ್ಮ ತಮ್ಮನದು ಕರ್ತವ್ಯದಲ್ಲಿದ್ದಾಗ ಆದದ್ದು, ಆ ದಿನದ ಇಂಜುರಿ ರಿಪೋರ್ಟ್ ಇದ್ದರೆ ಅದನ್ನು ಜೋಪಾನವಾಗಿಡಿ. ಡಿಸ್ಚಾರ್ಜ್ ಬುಕ್, ಬೋರ್ಡಿನ ನಡಾವಳಿ, ಇಂಜುರಿ ರಿಪೋರ್ಟ್, ಆಪರೇಷನ್ನಿನ ಕಾಗದ, ಇವಿಷ್ಟರ ಎರಡೆರಡು ಜೆರಾಕ್ಸ್ ಹಿಡಿದು ನಿಮ್ಮ ತಮ್ಮನೊಂದಿಗೆ ಶಿವಮೊಗ್ಗದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಮೇಲ್ಮನವಿ ಬರೆಯುವುದಕ್ಕೂ, ಮಾಜಿ ಸೈನಿಕರಿಗೆ ಮೀಸಲಾದ ಸರ್ಕಾರಿ ಹುದ್ದೆಗಳಿಗೆ ಬೇಕಾದ ಗುರುತಿನ ಚೀಟಿ ಅವರಿಗೆ ಸಿಗುತ್ತದೆಯೇ ಎಂದು ವಿಚಾರಿಸುವುದಕ್ಕೂ ಅದೇ ಸರಿಯಾದ ಜಾಗ. ಅಸಲು ಕಾಗದಗಳನ್ನು ಮಾತ್ರ ಯಾರ ಕೈಗೂ ಕೊಟ್ಟು ಬರಬೇಡಿ.