ಬಿರುಕನ್ನು ಓದುವ ಬಗೆ: ಮನೆಯ ತಳಪಾಯದ ಕುಸಿತ ಕುರಿತ ಟಿಪ್ಪಣಿ

ಕಟ್ಟಿದ ಪ್ರತಿಯೊಂದು ಮನೆಯೂ ತನ್ನ ಭಾರಕ್ಕೆ ಸ್ವಲ್ಪವಾದರೂ ಕುಸಿಯುತ್ತದೆ. ಇಡೀ ಮನೆ ಒಂದೇ ಸಮನಾಗಿ 20 ಮಿ.ಮೀ. ಇಳಿದರೆ ಗೋಡೆಗೆ ಬಾಧೆಯಿಲ್ಲ. ಹೊರಗಿನಿಂದ ಒಳಬರುವ ಕೊಳವೆಗಳ ಸಂದುಗಳನ್ನು ನೋಡಿಕೊಂಡರೆ ಸಾಕು. ಒಂದು ಮೂಲೆ ನಿಂತಲ್ಲೇ ನಿಂತು ಇನ್ನೊಂದು ಮೂಲೆ ಮಾತ್ರ ಅದೇ 20 ಮಿ.ಮೀ. ಇಳಿದಾಗ ಗೋಡೆ ಸೀಳುತ್ತದೆ. ಆದ್ದರಿಂದ ಈ ವಿಷಯವನ್ನು ಅಭ್ಯಾಸ ಮಾಡುವವರು ಒಟ್ಟು ಕುಸಿತ ಮತ್ತು ಅಸಮ ಕುಸಿತ ಎಂಬ ಎರಡನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಎರಡು ಬಿಂದುಗಳ ಇಳಿತದಲ್ಲಿರುವ ವ್ಯತ್ಯಾಸವನ್ನು ಅವುಗಳ ನಡುವಿನ ಅಂತರದಿಂದ ಭಾಗಿಸಿದರೆ ಒಂದು ಅನುಪಾತ ಸಿಗುತ್ತದೆ. ಅದು ಸುಮಾರು 1/300 ತಲುಪಿದರೆ ಗೋಡೆಗಳಲ್ಲಿ ಬಿರುಕು ಮೂಡಬಹುದು. 1/150 ತಲುಪಿದರೆ ಕಂಬ, ತೊಲೆಗಳಿಗೇ ಹಾನಿಯಾಗುವ ಸಂಭವವಿದೆ. 3 ಮೀಟರ್ ದೂರದಲ್ಲಿರುವ ಎರಡು ಕಂಬಗಳ ನಡುವೆ 1/300 ಎಂದರೆ ಕೇವಲ 10 ಮಿ.ಮೀ., ಒಂದು ಕಿರುಬೆರಳಿನ ದಪ್ಪದಷ್ಟು.

ಕುಸಿತ ಎಷ್ಟು ಕಾಲ ನಡೆಯುತ್ತದೆ ಎಂಬುದನ್ನು ಮಣ್ಣು ನಿರ್ಧರಿಸುತ್ತದೆ. ಮರಳು ಭಾರ ಬಿದ್ದೊಡನೆ ಅದುಮಿಕೊಳ್ಳುವುದರಿಂದ ಕಟ್ಟಡ ಮುಗಿಯುವ ಹೊತ್ತಿಗೆ ಅದರ ಕುಸಿತವೂ ಬಹುಪಾಲು ಮುಗಿದಿರುತ್ತದೆ. ನೀರು ತುಂಬಿದ ಜೇಡಿಮಣ್ಣಿನಲ್ಲಾದರೋ ಕಣಗಳ ನಡುವಿನ ನೀರು ನಿಧಾನವಾಗಿ ಹಿಂಡಿ ಹೊರಬರಬೇಕಾದ್ದರಿಂದ ವರ್ಷಗಳೇ ಹಿಡಿಯುತ್ತವೆ. ಮಣ್ಣಿನ ಬಲವಿಜ್ಞಾನಕ್ಕೆ ಬುನಾದಿ ಹಾಕಿದ ಎಂಜಿನಿಯರ್ ಕಾರ್ಲ್ ಟೆರ್ಜಾಗಿ 1925ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ ಜೇಡಿಯ ಪದರ ಎರಡು ಪಟ್ಟು ದಪ್ಪವಾದರೆ ಅದಕ್ಕೆ ಬೇಕಾಗುವ ಕಾಲ ನಾಲ್ಕು ಪಟ್ಟಾಗುತ್ತದೆ. ಇದನ್ನು ಬರಿಯ ಸೂತ್ರವೆಂದು ಬಾಯಿಪಾಠ ಮಾಡಿ ಬಿಡಬಾರದು, ಏಕೆಂದರೆ ರೋಗದ ಮೂಲವನ್ನು ಹುಡುಕಲು ಇದೇ ದಾರಿ ತೋರಿಸುತ್ತದೆ. ಗಟ್ಟಿ ನೆಲದ ಮೇಲೆ ಇಪ್ಪತ್ತು ವರ್ಷ ಅಲುಗಾಡದೆ ನಿಂತ ಮನೆಯಲ್ಲಿ ಇದ್ದಕ್ಕಿದ್ದಂತೆ ಬಿರುಕು ಕಂಡರೆ ಮನೆಯ ಹಳೆಯ ಭಾರವನ್ನು ದೂರಿ ಫಲವಿಲ್ಲ. ಇತ್ತೀಚೆಗೆ ಏನು ಬದಲಾಗಿದೆ ಎಂದು ಕೇಳಬೇಕು. ಒಡೆದ ಒಳಚರಂಡಿ, ಗೋಡೆಯ ಬುಡಕ್ಕೇ ಸುರಿಯುವ ಮಳೆನೀರಿನ ಕೊಳವೆ, ದೊಡ್ಡದಾಗಿ ಬೆಳೆದ ಮರ, ಪಕ್ಕದ ನಿವೇಶನದಲ್ಲಿ ತೋಡಿದ ಆಳವಾದ ಪಾಯ, ಮೇಲೆ ಏರಿಸಿದ ಹೊಸ ಅಂತಸ್ತು, ಇಳಿದುಹೋದ ಅಂತರ್ಜಲ ಇವುಗಳಲ್ಲಿ ಒಂದು ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ.

ಈಗ ಬಿರುಕಿನ ವಿಷಯಕ್ಕೆ ಬರೋಣ. ಗಿಲಾವಿನ ಮೇಲೆ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕುಗಳು ಗಾರೆ ಒಣಗುವಾಗ ಕುಗ್ಗಿದ್ದರಿಂದ ಬಂದವು. ತಳಪಾಯಕ್ಕೂ ಅವಕ್ಕೂ ಸಂಬಂಧವಿಲ್ಲ. ಕುಸಿತದ ಬಿರುಕು ಹೆಚ್ಚಾಗಿ ಓರೆಯಾಗಿರುತ್ತದೆ, ಕಿಟಕಿ ಅಥವಾ ಬಾಗಿಲಿನ ಮೂಲೆಯಿಂದ ಹೊರಡುತ್ತದೆ, ಇಟ್ಟಿಗೆಯ ಗೋಡೆಯಲ್ಲಿ ಗಾರೆಯ ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ, ಮತ್ತು ಅದರ ಅಗಲ ಉದ್ದಕ್ಕೂ ಒಂದೇ ಸಮನಾಗಿರುವುದಿಲ್ಲ. ಗೋಡೆಯ ನಡುಭಾಗ ಕುಸಿದಿದ್ದರೆ ಬಿರುಕು ಕೆಳಗಡೆ ಹೆಚ್ಚು ಬಾಯಿ ಬಿಟ್ಟಿರುತ್ತದೆ. ತುದಿಗಳು ಕುಸಿದಿದ್ದರೆ ಮೇಲ್ಗಡೆ. ಓರೆ ಬಿರುಕಿನ ನಡುಮಧ್ಯದಲ್ಲಿ ಅದಕ್ಕೆ ಲಂಬವಾಗಿ ಒಂದು ಗೆರೆಯನ್ನು ಕಲ್ಪಿಸಿಕೊಂಡರೆ ಆ ಗೆರೆಯ ಕೆಳತುದಿ ಕುಸಿದ ಭಾಗದ ಕಡೆಗೆ ಕೈತೋರುತ್ತದೆ. ಕಾರಣ ಸರಳವಾಗಿದೆ: ಬಲತುದಿ ಇಳಿದಾಗ ಗೋಡೆಯ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗಿರುವ ಕರ್ಣ ಎಳೆಯಲ್ಪಟ್ಟು ಉದ್ದವಾಗುತ್ತದೆ, ಇಟ್ಟಿಗೆ ಕಟ್ಟಡ ಎಳೆತವನ್ನು ತಾಳಲಾರದೆ ಆ ಕರ್ಣಕ್ಕೆ ಅಡ್ಡಲಾಗಿ ಸೀಳುತ್ತದೆ. ಒಂದು ಕಾಗದದ ಮೇಲೆ ಚೌಕ ಬರೆದು ಅದರ ಬಲಬದಿಯನ್ನು ಕೆಳಗೆ ಜಾರಿಸಿ ನೋಡಿದರೆ ಇದು ಮತ್ತೆಂದೂ ಮರೆಯುವುದಿಲ್ಲ.

ಸಿಲುಕಿಕೊಳ್ಳುವ ಬಾಗಿಲು, ಚೌಕಟ್ಟಿಗೂ ಗೋಡೆಗೂ ನಡುವೆ ಕಾಣುವ ಸೀಳು, ನೆಲಕ್ಕೂ ಗೋಡೆಗೂ ನಡುವಿನ ಅಂತರ, ಇವೆಲ್ಲ ಪೂರಕ ಸಾಕ್ಷಿಗಳು. ಆದರೆ ಮರದ ಬಾಗಿಲು ತೇವಕ್ಕೂ ಉಬ್ಬಿ ಸಿಲುಕುತ್ತದೆಂಬುದನ್ನು ನೆನಪಿಡಬೇಕು.

ಬಿರುಕು ಇನ್ನೂ ಬೆಳೆಯುತ್ತಿದೆಯೇ, ಎಂದೋ ನಿಂತಿದೆಯೇ ಎಂಬುದು ಅದರ ಅಗಲಕ್ಕಿಂತ ಮುಖ್ಯವಾದ ಪ್ರಶ್ನೆ ಎಂದು ನಾನು ಭಾವಿಸುತ್ತೇನೆ. 5 ಮಿ.ಮೀ. ಅಗಲದ ಹಳೆಯ ಬಿರುಕು ನಿಂತುಹೋಗಿದ್ದರೆ ಅದು ತೇಪೆಯ ಕೆಲಸ, 1 ಮಿ.ಮೀ. ಬಿರುಕು ತಿಂಗಳು ತಿಂಗಳೂ ಅಗಲವಾಗುತ್ತಿದ್ದರೆ ಅದು ಎಚ್ಚರಿಕೆ. ಇದನ್ನು ತಿಳಿಯಲು ಬಿರುಕಿನ ಎರಡು ತುದಿಗಳಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಬೇಕು. ಬಳಿಕ ಬಿರುಕಿನ ಇಕ್ಕೆಲಗಳಲ್ಲಿ ಒಂದೊಂದು ಸಣ್ಣ ಮೊಳೆಯನ್ನು ಗಟ್ಟಿಯಾಗಿ ಕೂರಿಸಿ, ಅವುಗಳ ನಡುವಿನ ದೂರವನ್ನು ಸೂಕ್ಷ್ಮ ಅಳತೆಯ ಸಾಧನವಾದ ವರ್ನಿಯರ್ ಕ್ಯಾಲಿಪರ್‌ನಿಂದ ತಿಂಗಳಿಗೊಮ್ಮೆ ಅಳೆದು ಬರೆದಿಡಬೇಕು. ಬಿರುಕಿನ ಮೇಲೆ ಗಾಜಿನ ಚೂರು ಅಂಟಿಸುವ ಹಳೆಯ ಪದ್ಧತಿಯೂ ಇದೆ. ಗಾಜು ಒಡೆದರೆ ಗೋಡೆ ಅಲುಗಿದೆ ಎಂದು ಗೊತ್ತಾಗುತ್ತದೆ, ಎಷ್ಟು ಅಲುಗಿದೆ ಎಂದು ಗೊತ್ತಾಗುವುದಿಲ್ಲ. ಜೇಡಿಮಣ್ಣು ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಉಬ್ಬುವುದರಿಂದ ಬಿರುಕೂ ಅದರೊಂದಿಗೆ ತೆರೆದು ಮುಚ್ಚುತ್ತಿರುತ್ತದೆ; ಹಾಗಾಗಿ ಅಂಥ ಮಣ್ಣಿನಲ್ಲಿ ಒಂದು ವರ್ಷವಾದರೂ ಅಳೆಯದೆ ತೀರ್ಮಾನಕ್ಕೆ ಬರಬಾರದು. ಮನೆಯ ಮಟ್ಟವನ್ನು ನೋಡಲು ನೀರು ತುಂಬಿದ ಪಾರದರ್ಶಕ ಕೊಳವೆ ಸಾಕು, ಒಳಗೆ ಗಾಳಿಗುಳ್ಳೆ ಇರಬಾರದಷ್ಟೆ. ಒಮ್ಮೆ ತೆಗೆದ ಮಟ್ಟ ಮನೆ ಕಟ್ಟಿದಾಗಲೇ ಇದ್ದ ಓರೆಯನ್ನೂ ತೋರಿಸೀತು. ಎರಡು ಅಳತೆಗಳ ನಡುವಿನ ವ್ಯತ್ಯಾಸವೇ ನಿಜವಾದ ಮಾಹಿತಿ.

ಆದರೆ ಬಿರುಕು 15 ಮಿ.ಮೀ. ದಾಟಿದ್ದರೆ, ಗೋಡೆ ಹೊಟ್ಟೆ ಬಿಟ್ಟಿದ್ದರೆ, ತೊಲೆಯ ತುದಿ ತನ್ನ ಆಸರೆಯಿಂದ ಜಾರುತ್ತಿದ್ದರೆ ಅಳತೆಗಾಗಿ ಕಾಯುವಂತಿಲ್ಲ. ಆ ಭಾಗವನ್ನು ತೆರವು ಮಾಡಿ ಸ್ಟ್ರಕ್ಚರಲ್ ಎಂಜಿನಿಯರ್ ಅವರನ್ನು ಅಂದೇ ಕರೆಯಬೇಕು.

ಪರಿಹಾರ ನೀರಿನಿಂದ ಆರಂಭವಾಗಬೇಕು. ಸೋರುವ ಚರಂಡಿಯನ್ನು ಸರಿಪಡಿಸುವುದು, ಮಳೆನೀರನ್ನು ಗೋಡೆಯಿಂದ ದೂರ ಸಾಗಿಸುವುದು, ಮನೆಯ ಸುತ್ತಲಿನ ನೆಲವನ್ನು ಹೊರಗಿಳಿಜಾರು ಮಾಡುವುದು ಇವು ಅಗ್ಗದ ಕೆಲಸಗಳು, ಮತ್ತು ಅನೇಕ ಸಲ ಇಷ್ಟರಿಂದಲೇ ಕುಸಿತ ನಿಲ್ಲುತ್ತದೆ. ಮರದ ವಿಷಯದಲ್ಲಿ ಅವಸರ ಸಲ್ಲದು: ಜೇಡಿಮಣ್ಣಿನಲ್ಲಿ ನಿಂತ ದೊಡ್ಡ ಮರವನ್ನು ಒಮ್ಮೆಲೇ ಕಡಿದರೆ ಬೇರುಗಳು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು, ನೆಲ ಉಬ್ಬಿ ತಳಪಾಯವನ್ನು ಮೇಲೆತ್ತಬಹುದು.

ಇಷ್ಟಾದರೂ ನಿಲ್ಲದಿದ್ದರೆ ತಳಪಾಯವನ್ನು ಇನ್ನಷ್ಟು ಆಳದ ಗಟ್ಟಿ ನೆಲಕ್ಕೆ ಇಳಿಸಬೇಕಾಗುತ್ತದೆ. ಇದನ್ನು ಅಂಡರ್‌ಪಿನ್ನಿಂಗ್ ಎನ್ನುತ್ತಾರೆ. ಹಳೆಯ ಪಾಯದ ಕೆಳಗೆ ಸುಮಾರು 1 ಮೀಟರ್ ಉದ್ದದ ಗುಂಡಿಗಳನ್ನು ಒಂದರ ಪಕ್ಕ ಇನ್ನೊಂದು ಬಾರದಂತೆ ಸರದಿಯಲ್ಲಿ ತೋಡಿ ಕಾಂಕ್ರೀಟ್ ತುಂಬುತ್ತಾರೆ. ಮೇಲೆ ಸುಮಾರು 75 ಮಿ.ಮೀ. ಜಾಗ ಬಿಟ್ಟು, ಕಾಂಕ್ರೀಟ್ ಗಟ್ಟಿಯಾದ ಮೇಲೆ ಆ ಸಂದಿಗೆ ಒಣಗಾರೆಯನ್ನು (ತೀರ ಕಡಿಮೆ ನೀರಿನಲ್ಲಿ ಕಲಸಿದ ಗಾರೆ) ಜಡಿದು ಬಿಗಿ ಮಾಡುತ್ತಾರೆ. ಮೊದಲೇ ಪೂರ್ತಿ ತುಂಬಿದರೆ ಕಾಂಕ್ರೀಟ್ ಕುಗ್ಗಿ ಹಳೆಯ ಪಾಯ ಆಧಾರವಿಲ್ಲದೆ ಉಳಿಯುತ್ತದೆ. ಜಾಗ ಇಕ್ಕಟ್ಟಾಗಿದ್ದರೆ ಅಥವಾ ಗಟ್ಟಿ ನೆಲ ಬಹಳ ಆಳದಲ್ಲಿದ್ದರೆ ಸಣ್ಣ ಪೈಲುಗಳನ್ನು, ಅಂದರೆ ನೆಲದಾಳಕ್ಕೆ ಹೋಗುವ ತೆಳು ಕಂಬಗಳನ್ನು, ಇಳಿಸುತ್ತಾರೆ. ಮನೆಯ ಒಂದು ಭಾಗಕ್ಕೆ ಮಾತ್ರ ಹೀಗೆ ಮಾಡಿದರೆ ಹಳೆಯ ಪಾಯಕ್ಕೂ ಹೊಸತಕ್ಕೂ ನಡುವೆ ಮತ್ತೊಂದು ಅಸಮ ಕುಸಿತ ಹುಟ್ಟಬಹುದಾದ್ದರಿಂದ ಎಲ್ಲಿ ನಿಲ್ಲಿಸಬೇಕೆಂಬುದನ್ನು ವಿನ್ಯಾಸದಲ್ಲೇ ತೀರ್ಮಾನಿಸಿರಬೇಕು.

ಇಳಿದ ಮನೆಯನ್ನು ಮತ್ತೆ ಮೊದಲಿನ ಮಟ್ಟಕ್ಕೆ ಎತ್ತಲೇಬೇಕೆಂದಿಲ್ಲ. ವಾಲಿಕೊಂಡಿದ್ದು 1990ರಲ್ಲಿ ಪ್ರವಾಸಿಗರಿಗೆ ಮುಚ್ಚಿದ ಇಟಲಿಯ ಪೀಸಾ ಗೋಪುರವನ್ನು ಎಂಜಿನಿಯರುಗಳು ಎತ್ತರವಾಗಿದ್ದ ಉತ್ತರ ಬದಿಯ ಅಡಿಯಿಂದ ಮಣ್ಣು ತೆಗೆದು ಸುಮಾರು ಅರ್ಧ ಡಿಗ್ರಿಯಷ್ಟು ಮಾತ್ರ ಹಿಂದಕ್ಕೆ ತಂದರು, ಮತ್ತು 2001ರಲ್ಲಿ ಅದು ಮತ್ತೆ ತೆರೆಯಿತು. ಚಲನೆ ನಿಲ್ಲುವುದೇ ಅಲ್ಲಿ ಬೇಕಾಗಿದ್ದುದು. ಮನೆಯಲ್ಲಿಯೂ ಮೊಳೆಗಳ ನಡುವಿನ ಅಳತೆ ಬದಲಾಗದೆ ನಿಂತ ಮೇಲೆಯೇ ಬಿರುಕಿಗೆ ಎಪಾಕ್ಸಿ ಎಂಬ ಗಟ್ಟಿ ಅಂಟನ್ನು ತುಂಬಬೇಕು, ಇಟ್ಟಿಗೆಯ ಸಂದುಗಳಲ್ಲಿ ತುಕ್ಕು ಹಿಡಿಯದ ಸ್ಟೀಲ್ ಸರಳುಗಳನ್ನು ಹುದುಗಿಸಿ ಹೊಲಿಗೆ ಹಾಕಬೇಕು. ಗಿಲಾವು ಮತ್ತು ಬಣ್ಣದ ಸರದಿ ಅದರ ನಂತರದ್ದು.