ಯುಆರ್‌ಎಲ್ ಬದಲಾದಾಗ ಹಳೆಯ ಕೊಂಡಿಗಳನ್ನು ಉಳಿಸಿಕೊಳ್ಳುವುದು: ರೀಡೈರೆಕ್ಟ್ ಕುರಿತ ಅಧ್ಯಯನ ಟಿಪ್ಪಣಿ

ನಮ್ಮ ಜಾಲತಾಣದ ಪುಟಗಳಿಗೆ ಹೊಸ ವಿಳಾಸ ಕೊಡುವುದು ನಮ್ಮ ಕೈಯಲ್ಲಿದೆ. ಹಳೆಯ ವಿಳಾಸ ಈಗಾಗಲೇ ಸೇರಿಹೋಗಿರುವ ಜಾಗಗಳು ಮಾತ್ರ ನಮ್ಮ ಕೈಯಲ್ಲಿಲ್ಲ. ಯಾರದೋ ಬುಕ್‌ಮಾರ್ಕ್, ಅಚ್ಚಾದ ಪುಸ್ತಕದ ಅಡಿಟಿಪ್ಪಣಿ, ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್, ಹಳೆಯ ಇಮೇಲ್ ಯಾವುದನ್ನೂ ನಾವು ತಿದ್ದಲಾರೆವು. ಆ ಕೊಂಡಿಯನ್ನು ಒತ್ತಿದವರು 404 (‘ಪುಟ ಸಿಗಲಿಲ್ಲ’) ಎಂಬ ಪುಟ ನೋಡಿ ಹಿಂದಿರುಗದಂತೆ ನೋಡಿಕೊಳ್ಳುವುದೇ ರೀಡೈರೆಕ್ಟ್‌ನ ಕೆಲಸ.

ನಡೆಯುವುದು ಸರಳ. ಬ್ರೌಸರ್ ಹಳೆಯ ವಿಳಾಸವನ್ನು ಕೇಳುತ್ತದೆ. ಸರ್ವರ್ ಪುಟದ ಬದಲು ಮುನ್ನೂರರ ಸಾಲಿನ ಒಂದು ಸ್ಥಿತಿ ಸಂಕೇತವನ್ನೂ, ‘ಲೊಕೇಶನ್’ ಎಂಬ ಹೆಡರ್‌ನಲ್ಲಿ (ಉತ್ತರದ ಜೊತೆ ಹೋಗುವ ಸಣ್ಣ ಟಿಪ್ಪಣಿಯಲ್ಲಿ) ಹೊಸ ವಿಳಾಸವನ್ನೂ ಕಳುಹಿಸುತ್ತದೆ. ಬ್ರೌಸರ್ ಅಲ್ಲಿಗೆ ಮತ್ತೊಂದು ಕೋರಿಕೆ ಸಲ್ಲಿಸುತ್ತದೆ.

ಸಂಕೇತಗಳಲ್ಲಿ ನಾಲ್ಕನ್ನು ಚೆನ್ನಾಗಿ ತಿಳಿದಿರಬೇಕು. 301 ಮತ್ತು 308 ಶಾಶ್ವತ ಬದಲಾವಣೆಗೆ, 302 ಮತ್ತು 307 ತಾತ್ಕಾಲಿಕಕ್ಕೆ. ಒಂದೇ ಅರ್ಥಕ್ಕೆ ಎರಡೆರಡು ಏಕೆ? 301 ಅಥವಾ 302 ಬಂದಾಗ ಬ್ರೌಸರ್‌ಗಳು ಪೋಸ್ಟ್ (ಮಾಹಿತಿ ಸಲ್ಲಿಸುವ) ಕೋರಿಕೆಯನ್ನು ಗೆಟ್ (ಪುಟ ಕೇಳುವ) ಕೋರಿಕೆಯಾಗಿ ಬದಲಿಸುತ್ತವೆ. ಅರ್ಜಿ ನಮೂನೆಯಲ್ಲಿ ತುಂಬಿದ ಮಾಹಿತಿ ಅಲ್ಲಿಗೇ ಬಿದ್ದುಹೋಗುತ್ತದೆ. 307 ಮತ್ತು 308 ಹಾಗಾಗಲು ಬಿಡುವುದಿಲ್ಲ. ಕೋರಿಕೆಯ ವಿಧಾನವನ್ನೂ ಮಾಹಿತಿಯನ್ನೂ ಹಾಗೆಯೇ ಮುಂದೆ ಒಯ್ಯುತ್ತವೆ. 308 ತಡವಾಗಿ ಬಂದದ್ದು. 2015ರಲ್ಲಿ ಆರ್‌ಎಫ್‌ಸಿ 7538 ಎಂಬ ಅಂತರಜಾಲ ಮಾನದಂಡದ ದಾಖಲೆ ಅದನ್ನು ವಿವರಿಸಿತು. ಓದುವ ಪುಟಗಳಿಗೆ 301 ಸಾಕು. ನಮೂನೆ ಸ್ವೀಕರಿಸುವ ವಿಳಾಸ ಅಥವಾ ಎಪಿಐ (ತಂತ್ರಾಂಶಗಳು ಪರಸ್ಪರ ಮಾತನಾಡುವ ವಿಳಾಸ) ಸ್ಥಳಾಂತರವಾಗುತ್ತಿದ್ದರೆ 308 ಬೇಕು.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 301ರ ಜಿಗುಟುತನ. ಬೇರೆ ಸೂಚನೆ ಇಲ್ಲದಿದ್ದರೆ ಬ್ರೌಸರ್ ಅದನ್ನು ಕ್ಯಾಶೆಯಲ್ಲಿ (ತನ್ನ ತಾತ್ಕಾಲಿಕ ಸಂಗ್ರಹದಲ್ಲಿ) ಇಟ್ಟುಕೊಳ್ಳಬಹುದು. ಮುಂದಿನ ಬಾರಿ ಸರ್ವರನ್ನು ಕೇಳದೆಯೇ ನೇರವಾಗಿ ಹೊಸ ವಿಳಾಸಕ್ಕೆ ಹೋಗುತ್ತದೆ. ಅಂದರೆ ತಪ್ಪಾದ 301 ಕಳುಹಿಸಿ, ಸರ್ವರ್‌ನಲ್ಲಿ ಅದನ್ನು ಸರಿಪಡಿಸಿದರೂ, ಆ ಮೊದಲೇ ಭೇಟಿ ಕೊಟ್ಟವರು ತಪ್ಪು ಪುಟಕ್ಕೇ ಹೋಗುತ್ತಿರುತ್ತಾರೆ. ಆದ್ದರಿಂದ ಮೊದಲು 302 ಹಾಕಿ ಪರೀಕ್ಷಿಸಿ, ಎಲ್ಲವೂ ಸರಿ ಎಂದು ಖಚಿತವಾದ ಮೇಲೆ 301ಕ್ಕೆ ಬದಲಿಸಿ. ಮೊದಲಿನಿಂದಲೇ 301 ಬೇಕಿದ್ದರೆ ‘ಕ್ಯಾಶೆ ಕಂಟ್ರೋಲ್’ ಹೆಡರ್‌ನಲ್ಲಿ ಅಲ್ಪಾವಧಿಯ ಗಡುವು ಕೊಡಿ. ಅಂದಹಾಗೆ, ಅಪಾಚೆ ಎಂಬ ಸರ್ವರ್ ತಂತ್ರಾಂಶದ ‘ರೀಡೈರೆಕ್ಟ್’ ಸೂಚನೆಯಲ್ಲಿ ಸಂಕೇತ ನಮೂದಿಸದಿದ್ದರೆ ಅದು 302 ಕಳುಹಿಸುತ್ತದೆ. ಶಾಶ್ವತವಾಗಬೇಕಾದದ್ದು ಎಷ್ಟೋ ಕಾಲ ತಾತ್ಕಾಲಿಕವಾಗಿಯೇ ಉಳಿಯಲು ಇದೊಂದು ಕಾರಣ.

ಹೊಂದಿಕೆಯ ಪಟ್ಟಿ

ಸ್ಥಳಾಂತರಕ್ಕೆ ಮುನ್ನವೇ ಹಳೆಯ ಮತ್ತು ಹೊಸ ವಿಳಾಸಗಳನ್ನು ಎದುರುಬದುರು ಇಟ್ಟು ಪಟ್ಟಿ ಮಾಡಬೇಕು. ಸೈಟ್‌ಮ್ಯಾಪ್ (ತಾಣದ ಪುಟಗಳ ಪಟ್ಟಿ) ಒಂದನ್ನೇ ನಂಬಬೇಡಿ. ಅದರಲ್ಲಿಲ್ಲದ ಪಿಡಿಎಫ್, ಚಿತ್ರ, ಹಿಂದಿನ ಸ್ಥಳಾಂತರದ ವಿಳಾಸಗಳು ಸರ್ವರ್ ಲಾಗ್‌ನಲ್ಲಿ (ಬಂದ ಕೋರಿಕೆಗಳ ದಾಖಲೆಯಲ್ಲಿ) ಸಿಗುತ್ತವೆ. ಪ್ರತಿ ಪುಟವೂ ಅದರದೇ ಹೊಸ ರೂಪಕ್ಕೆ ಹೋಗಬೇಕು. ಎಲ್ಲವನ್ನೂ ಮುಖಪುಟಕ್ಕೆ ಕಳುಹಿಸಿಬಿಡುವ ಅಭ್ಯಾಸವನ್ನು ನಾನು ಒಪ್ಪುವುದೇ ಇಲ್ಲ. ಓದುಗರು ಹುಡುಕಿ ಬಂದದ್ದು ಅಲ್ಲಿರುವುದಿಲ್ಲ. ಗೂಗಲ್ ಕೂಡ ಅಂಥದ್ದನ್ನು ‘ಸಾಫ್ಟ್ 404’ (ತೆರೆದರೂ ಇಲ್ಲದಂತೆಯೇ ಇರುವ ಪುಟ) ಎಂದು ಪರಿಗಣಿಸಬಹುದು. ಪುಟವನ್ನು ತೆಗೆದುಹಾಕಿದ್ದು, ಅದಕ್ಕೆ ಬದಲಿ ಇಲ್ಲದಿದ್ದರೆ 410 (‘ಪುಟ ಇನ್ನಿಲ್ಲ’) ಕಳುಹಿಸುವುದೇ ಪ್ರಾಮಾಣಿಕ ಉತ್ತರ.

ಹಿಂದೊಮ್ಮೆ ಸ್ಥಳಾಂತರವಾದ ತಾಣದಲ್ಲಿ ಸರಪಳಿ ಬೆಳೆಯುತ್ತದೆ: ಮೊದಲ ವಿಳಾಸದಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಒಂದೊಂದು ಜಿಗಿತಕ್ಕೂ ಸಮಯ ಹಿಡಿಯುತ್ತದೆ. ಗೂಗಲ್‌ಗಾಗಿ ಪುಟಗಳನ್ನು ಓದುವ ತಂತ್ರಾಂಶ ಗೂಗಲ್‌ಬಾಟ್ 10 ಜಿಗಿತಗಳವರೆಗೆ ಹಿಂಬಾಲಿಸುತ್ತದೆ, ಕ್ರೋಮ್ ಮತ್ತು ಫೈರ್‌ಫಾಕ್ಸ್ 20ರ ನಂತರ ಕೈಬಿಡುತ್ತವೆ. ಅಲ್ಲಿಯವರೆಗೆ ಬೆಳೆಯಲು ಬಿಡದೆ, ಹಳೆಯ ನಿಯಮಗಳನ್ನೂ ತಿದ್ದಿ ನೇರವಾಗಿ ಕೊನೆಯ ವಿಳಾಸಕ್ಕೇ ತೋರಿಸಿ. ವಿಳಾಸಗಳು ಒಂದನ್ನೊಂದು ತೋರಿಸುತ್ತಾ ಸುತ್ತುವ ಕುಣಿಕೆಯಾದರೆ ಪುಟ ತೆರೆಯುವುದೇ ಇಲ್ಲ. ಒಂದು ನಿಯಮ ಕೊನೆಯಲ್ಲಿ ಓರೆಗೆರೆ ಸೇರಿಸಿ ಇನ್ನೊಂದು ತೆಗೆದರೆ ಕುಣಿಕೆ ಬೀಳುತ್ತದೆ. ಇನ್ನೊಂದು ಬಗೆಯನ್ನು ಪತ್ತೆ ಮಾಡುವುದು ಕಷ್ಟ: ಓದುಗರಿಗೂ ಮೂಲ ಸರ್ವರ್‌ಗೂ ನಡುವೆ ನಿಂತು ಪುಟ ಹಂಚುವ ಸರ್ವರ್‌ಗಳ ಜಾಲ, ಅಂದರೆ ಸಿಡಿಎನ್, ಮೂಲ ಸರ್ವರ್ ಜೊತೆ ಎಚ್‌ಟಿಟಿಪಿಯಲ್ಲಿ ಮಾತನಾಡುತ್ತಿರುತ್ತದೆ, ಮೂಲ ಸರ್ವರ್ ಪ್ರತಿ ಬಾರಿಯೂ ಎಚ್‌ಟಿಟಿಪಿಎಸ್‌ಗೆ ಹೋಗು ಎನ್ನುತ್ತಿರುತ್ತದೆ.

ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗವನ್ನು ಮರೆಯಬೇಡಿ. ಅಪಾಚೆಯ ‘ರೀಡೈರೆಕ್ಟ್’ ಅದನ್ನು ತಾನಾಗಿ ಮುಂದೆ ಸಾಗಿಸುತ್ತದೆ. ಎಂಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರ್ ತಂತ್ರಾಂಶದ ‘ರಿಟರ್ನ್’ ನಾವು ಬರೆದಷ್ಟನ್ನೇ ಕಳುಹಿಸುತ್ತದೆ. ಹ್ಯಾಶ್ ಚಿಹ್ನೆಯ ನಂತರದ್ದು ಸರ್ವರ್‌ಗೆ ತಲುಪುವುದೇ ಇಲ್ಲ, ಹಾಗಾಗಿ ಅದನ್ನು ನೋಡಿ ಸರ್ವರ್‌ನಲ್ಲಿ ನಿಯಮ ಬರೆಯಲಾಗದು.

ವಿಳಾಸದಲ್ಲಿ ಕನ್ನಡ ಅಕ್ಷರಗಳಿದ್ದರೆ ಇನ್ನೂ ಎಚ್ಚರ ಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಬಿಂದುವೂ (ಅಕ್ಷರ ಅಥವಾ ಅದರ ಚಿಹ್ನೆಗೆ ಯೂನಿಕೋಡ್ ಕೊಟ್ಟ ಸಂಖ್ಯೆ) ಮೂರು ಬೈಟ್. ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ (%) ಮತ್ತು ಎರಡು ಅಕ್ಷರಗಳಲ್ಲಿ ಬರೆಯುವ ರೂಪಕ್ಕೆ ಬಂದಾಗ ಅದು ಒಂಬತ್ತು ಅಕ್ಷರಗಳಾಗುತ್ತದೆ. ಲಾಗ್‌ನಲ್ಲಿ ಕಾಣುವುದು ಸಾಮಾನ್ಯವಾಗಿ ಈ ಉದ್ದದ ರೂಪ, ನಮ್ಮ ಪಟ್ಟಿಯಲ್ಲಿರುವುದು ಓದಬಲ್ಲ ರೂಪ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ‘ಕೊ’ ಎಂಬುದರ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತಬಿಂದುವಾಗಿಯೂ ಎರಡಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಸರ್ವರ್‌ಗೆ ಬೇರೆ ಬೇರೆ. ಕಣ್ಣಿಗೆ ಕಾಣದ ಶೂನ್ಯ ಅಗಲದ ಜೋಡಕಗಳೂ (ಅಕ್ಷರಗಳು ಕೂಡಬೇಕೇ ಬೇಡವೇ ಎಂದು ಹೇಳುವ ಸಂಕೇತಗಳು) ಹೀಗೆಯೇ ಕಾಡುತ್ತವೆ. ಇಡೀ ಪಟ್ಟಿಯನ್ನು ಯೂನಿಕೋಡ್‌ನ ಎನ್‌ಎಫ್‌ಸಿ (ಬಿಡಿ ಭಾಗಗಳನ್ನು ಒಂದಾಗಿಸಿದ) ರೂಪಕ್ಕೆ ತಂದರೆ ಒಕಾರದಂಥ ವ್ಯತ್ಯಾಸಗಳು ಹೋಗುತ್ತವೆ. ಜೋಡಕಗಳನ್ನು ಪ್ರತ್ಯೇಕವಾಗಿಯೇ ಹುಡುಕಬೇಕು.

ರೀಡೈರೆಕ್ಟ್ ಇದೆಯೆಂದು ತಾಣದೊಳಗಿನ ಕೊಂಡಿಗಳನ್ನು ಹಳೆಯದಾಗಿಯೇ ಬಿಡಬಾರದು. ಮೆನು, ಸೈಟ್‌ಮ್ಯಾಪ್, ಕೆನಾನಿಕಲ್ ಟ್ಯಾಗ್ (ಪುಟದ ಮುಖ್ಯ ವಿಳಾಸ ಯಾವುದೆಂದು ಹೇಳುವ ಗುರುತು) ಎಲ್ಲವೂ ಹೊಸ ವಿಳಾಸವನ್ನೇ ಹೇಳಬೇಕು. ಹಳೆಯ ನಿಯಮಗಳನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಿ ಎನ್ನುತ್ತದೆ ಗೂಗಲ್. ಅಚ್ಚಾದ ಪುಸ್ತಕಕ್ಕೆ ಅಂಥ ಗಡುವಿಲ್ಲ. ಹಳೆಯ ಡೊಮೇನ್ ನಮ್ಮ ಬಳಿ ಇರುವವರೆಗೂ ನಿಯಮಗಳು ಇರಲಿ ಎಂಬುದು ನನ್ನ ನಿಲುವು.

ಪರೀಕ್ಷೆಗೆ ಬ್ರೌಸರ್‌ಗಿಂತ ‘ಕರ್ಲ್’ ಎಂಬ ಕಮಾಂಡ್ ಸಾಧನ ವಾಸಿ, ಏಕೆಂದರೆ ಅದು ಹಿಂದಿನ ರೀಡೈರೆಕ್ಟನ್ನು ನೆನಪಿಟ್ಟುಕೊಳ್ಳುವುದಿಲ್ಲ. ಹೆಡರ್‌ಗಳನ್ನಷ್ಟೇ ತರಿಸಿ ಸಂಕೇತವನ್ನೂ ಲೊಕೇಶನ್ನನ್ನೂ ನೋಡಿ, ಆಮೇಲೆ ಆ ಲೊಕೇಶನ್ 200 (‘ಪುಟ ಸರಿಯಾಗಿ ಸಿಕ್ಕಿತು’) ಕೊಡುತ್ತದೆಯೇ ಎಂದು ನೋಡಿ. ಸ್ಥಳಾಂತರದ ನಂತರದ ವಾರಗಳಲ್ಲಿ ಲಾಗ್‌ನ 404ಗಳನ್ನು ದಿನವೂ ಓದಿ, ಪಟ್ಟಿಯಲ್ಲಿ ಬಿಟ್ಟುಹೋದವನ್ನು ಸೇರಿಸುತ್ತಾ ಹೋಗಿ.