ಕ್ಯಾಮೆರಾ ಆಕಾರದ ಪ್ರಶಸ್ತಿ

1954ರ ಡಿಸೆಂಬರ್ 30ರಂದು ಲಂಡನ್ನಿನ ಸವಾಯ್ ಹೋಟೆಲಿನಿಂದ ಬಿಬಿಸಿ ಮುಕ್ಕಾಲು ಗಂಟೆಯ ಒಂದು ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ಇಂದು ‘ಬಿಬಿಸಿ ಸ್ಪೋರ್ಟ್ಸ್ ಪರ್ಸನಾಲಿಟಿ ಆಫ್ ದಿ ಇಯರ್’ ಎಂದು ಕರೆಯುವ ಪ್ರಶಸ್ತಿಯ ಮೊದಲ ಸಮಾರಂಭ ಅದು. ಆ ವರ್ಷದ ಶ್ರೇಷ್ಠ ಕ್ರೀಡಾಪಟು ಯಾರೆಂದು ವೀಕ್ಷಕರು ಅಂಚೆ ಕಾರ್ಡಿನಲ್ಲಿ ಬರೆದು ಕಳುಹಿಸಿದ್ದರು. ಬಂದ ಮತಗಳು 14,517. ಅದೇ ವರ್ಷದ ಮೇ 6ರಂದು ಆಕ್ಸ್‌ಫರ್ಡಿನ ಇಫ್ಲಿ ರಸ್ತೆಯ ಟ್ರ್ಯಾಕಿನಲ್ಲಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿ, ಮನುಷ್ಯನಿಂದಾಗದು ಎಂದು ಅನೇಕರು ನಂಬಿದ್ದ ಗಡಿಯನ್ನು ದಾಟಿದ್ದ ರೋಜರ್ ಬ್ಯಾನಿಸ್ಟರ್ ಅವರೇ ಗೆಲ್ಲುತ್ತಾರೆಂದು ಯಾರಾದರೂ ಊಹಿಸಬಹುದಿತ್ತು. ಆದರೆ ಪ್ರಶಸ್ತಿ ಸಿಕ್ಕಿದ್ದು ಆ ಓಟದಲ್ಲಿ ಬ್ಯಾನಿಸ್ಟರ್ ಅವರಿಗೆ ವೇಗ ಕಾಯ್ದುಕೊಟ್ಟ ಗೆಳೆಯ ಕ್ರಿಸ್ ಚ್ಯಾಟವೇ ಅವರಿಗೆ.

ಬೆಂಗಳೂರಿನಲ್ಲಿ ಬಹಳ ವರ್ಷ ನೇರಪ್ರಸಾರದ ನಿಯಂತ್ರಣ ಕೊಠಡಿಯಲ್ಲಿ ಕುಳಿತು ಪಂದ್ಯಗಳನ್ನೂ ಪ್ರಶಸ್ತಿ ಸಮಾರಂಭಗಳನ್ನೂ ನಿರ್ದೇಶಿಸಿದ ನನಗೆ ಈ ಫಲಿತಾಂಶದಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ. ಅಕ್ಟೋಬರ್ 13ರ ರಾತ್ರಿ ವೈಟ್ ಸಿಟಿ ಕ್ರೀಡಾಂಗಣದಲ್ಲಿ, ಲಂಡನ್ ಮತ್ತು ಮಾಸ್ಕೋ ನಗರಗಳ ನಡುವಿನ ಕೂಟದಲ್ಲಿ, ಫ್ಲಡ್‌ಲೈಟ್ ಬೆಳಕಿನಡಿ ಚ್ಯಾಟವೇ 5,000 ಮೀಟರ್ ಓಡಿದರು. ಸೋವಿಯತ್ ಓಟಗಾರ ವ್ಲಾದಿಮಿರ್ ಕುಟ್ಸ್ ಅವರ ಬೆನ್ನಿಗೇ ಅಂಟಿಕೊಂಡು ಬಂದು, ಗೆರೆ ಇನ್ನೇನು ಬಂತು ಎನ್ನುವಾಗ ಅವರನ್ನು ಹಿಂದಿಕ್ಕಿ, 13 ನಿಮಿಷ 51.6 ಸೆಕೆಂಡುಗಳ ವಿಶ್ವದಾಖಲೆ ಬರೆದರು. ಇಬ್ಬರ ನಡುವಿನ ಅಂತರ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ. ಆ ಓಟ ಮನೆಮನೆಗೆ ನೇರವಾಗಿ ತಲುಪಿತ್ತು. ಬ್ಯಾನಿಸ್ಟರ್ ಅವರ ಮೈಲಿಯನ್ನು ಜನ ಕಂಡಿದ್ದು ಅದು ಮುಗಿದ ಮೇಲೆ, ಚಿತ್ರಸುರುಳಿಯಲ್ಲಿ. ಫಲಿತಾಂಶ ಗೊತ್ತಾದ ಮೇಲೆ ನೋಡುವ ದಾಖಲೆಗೂ, ಏನಾಗುತ್ತದೋ ಎಂದು ಉಸಿರು ಬಿಗಿಹಿಡಿದು ನೋಡುವ ಓಟಕ್ಕೂ ಇರುವ ವ್ಯತ್ಯಾಸವನ್ನು ಅಂಚೆ ಕಾರ್ಡು ಬರೆದವರು ಅಂದೇ ತೋರಿಸಿಕೊಟ್ಟಿದ್ದರು.

ನಿಯಮವೂ ಹಾಗೆಯೇ ಇತ್ತು. ಈ ಪ್ರಶಸ್ತಿಯ ಯೋಚನೆ ಬಂದಿದ್ದು ಬಿಬಿಸಿಯ ‘ಸ್ಪೋರ್ಟ್ಸ್‌ವ್ಯೂ’ ಕಾರ್ಯಕ್ರಮದ ಸಂಪಾದಕರಾಗಿದ್ದ ಪಾಲ್ ಫಾಕ್ಸ್ ಅವರಿಗೆ; ನಿರೂಪಕರು ಪೀಟರ್ ಡಿಮಾಕ್. ಏಪ್ರಿಲ್‌ನಲ್ಲಿ ಆರಂಭವಾಗಿದ್ದ ಆ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡವರಿಗೆ ಮಾತ್ರ ಮತ ಹಾಕಬಹುದೆಂದು ಪ್ರಕಟಣೆಯಲ್ಲೇ ತಿಳಿಸಲಾಗಿತ್ತು. ಅಂದರೆ ಇದು ದೇಶದ ಕ್ರೀಡೆಗೆ ಕೊಟ್ಟ ಬಹುಮಾನ ಎನ್ನುವುದಕ್ಕಿಂತ ದೂರದರ್ಶನದ ಪರದೆಯ ಮೇಲೆ ಕಂಡ ಕ್ರೀಡೆಗೆ ಕೊಟ್ಟ ಬಹುಮಾನ. ಅದನ್ನು ಅವರು ಮುಚ್ಚಿಡಲೂ ಇಲ್ಲ: ವಿಜೇತರಿಗೆ ಕೊಡುವ ಸ್ಮರಣಿಕೆ ಬೆಳ್ಳಿ ಲೇಪಿಸಿದ ಒಂದು ಟಿವಿ ಕ್ಯಾಮೆರಾ. ಅದರ ಮೂತಿಯಲ್ಲಿ ನಾಲ್ಕು ಮಸೂರಗಳಿವೆ. ಜೂಮ್ ಮಸೂರ ಬಳಕೆಗೆ ಬರುವ ಮೊದಲು ಕ್ಯಾಮೆರಾಮನ್ ಈ ನಾಲ್ಕನ್ನು ಹೊತ್ತ ತಟ್ಟೆಯನ್ನು ತಿರುಗಿಸಿ ದೂರದ ನೋಟದಿಂದ ಹತ್ತಿರದ ನೋಟಕ್ಕೆ ಬರಬೇಕಿತ್ತು, ಮತ್ತು ತಿರುಗಿಸುವ ಆ ಕ್ಷಣ ಚಿತ್ರ ಕಲಕಿಹೋಗುವುದರಿಂದ ನಿರ್ದೇಶಕ ಅಷ್ಟರಲ್ಲಿ ಬೇರೆ ಕ್ಯಾಮೆರಾಗೆ ಕಟ್ ಮಾಡಿರಬೇಕಿತ್ತು. ಆ ಯಂತ್ರ ಎಂದೋ ಮೂಲೆ ಸೇರಿತು, ಸ್ಮರಣಿಕೆಯ ಆಕಾರ ಮಾತ್ರ ಬದಲಾಗಿಲ್ಲ. ವಿಜೇತರ ಹೆಸರು ಕೆತ್ತಲು ಜಾಗ ಸಾಲದೆ ಅದರ ಕೆಳಗೆ ಹೊಸ ಪೀಠಗಳನ್ನು ಜೋಡಿಸುತ್ತಾ ಬಂದಿದ್ದಾರೆ.

ಕ್ರಿಕೆಟ್ ಬಲ್ಲ ನಮ್ಮ ಓದುಗರಿಗೆ ಆ ಪೀಠದ ಮೇಲಿನ ಕೆಲವು ಹೆಸರುಗಳು ಪರಿಚಿತ. 1956ರಲ್ಲಿ ಓಲ್ಡ್ ಟ್ರಾಫರ್ಡ್ ಟೆಸ್ಟ್ ಒಂದರಲ್ಲೇ 19 ವಿಕೆಟ್ ಕಿತ್ತ ಜಿಮ್ ಲೇಕರ್, 1981ರ ಇಯಾನ್ ಬೋಥಮ್, 2005ರ ಆ್ಯಂಡ್ರ್ಯೂ ಫ್ಲಿಂಟಾಫ್, 2019ರ ಬೆನ್ ಸ್ಟೋಕ್ಸ್. ನನಗೆ ಅಚ್ಚುಮೆಚ್ಚಿನವರು 1975ರ ಡೇವಿಡ್ ಸ್ಟೀಲ್. ತಲೆಗೂದಲು ನರೆತ, ಕನ್ನಡಕ ಹಾಕಿದ 33ರ ಆಟಗಾರ ಆಸ್ಟ್ರೇಲಿಯಾದ ಲಿಲಿ ಮತ್ತು ಥಾಮ್ಸನ್ ಅವರ ವೇಗಕ್ಕೆ ಎದೆಗೊಟ್ಟು ನಿಂತ ದೃಶ್ಯ ಜನರ ಮನಸ್ಸಿನಲ್ಲಿ ಉಳಿಯಿತು. ಅವರು ಆಡಿದ ಟೆಸ್ಟ್‌ಗಳು ಒಟ್ಟು 8 ಮಾತ್ರ. ಅಂಕಿಅಂಶಗಳ ಲೆಕ್ಕದಲ್ಲಿ ಅಂಥವರಿಗೆ ಇಂಥ ಪ್ರಶಸ್ತಿ ಎಂದೂ ಬರಲಾರದು.

ಸಮಾರಂಭವೆಂದರೆ ನೆನಪಾಗುವುದು 1977ರ ಪ್ರಸಂಗ. ಗ್ರ್ಯಾಂಡ್ ನ್ಯಾಷನಲ್ ಕುದುರೆ ಓಟವನ್ನು ಮೂರನೇ ಬಾರಿ ಗೆದ್ದಿದ್ದ ‘ರೆಡ್ ರಮ್’ ಕುದುರೆಯನ್ನು ಸ್ಟುಡಿಯೋಕ್ಕೇ ಕರೆತಂದಿದ್ದರು. ಗಾಯಗೊಂಡಿದ್ದ ಅದರ ಸವಾರ ಟಾಮಿ ಸ್ಟ್ಯಾಕ್ ಬೇರೆ ಕಡೆಯಿಂದ ಪರದೆಯ ಮೇಲೆ ಮಾತನಾಡಿದಾಗ, ಆ ದನಿ ಕೇಳಿದ್ದೇ ಕುದುರೆ ಕಿವಿ ನಿಮಿರಿಸಿತು. ಇಂಥದ್ದನ್ನು ಯಾವ ರನ್‌ಡೌನ್‌ನಲ್ಲಿಯೂ, ಅಂದರೆ ಕಾರ್ಯಕ್ರಮದ ಕ್ರಮಪಟ್ಟಿಯಲ್ಲಿಯೂ, ಬರೆದಿಡಲಾಗದು. ಆ ಹೊತ್ತಿಗೆ ಕ್ಯಾಮೆರಾ ಕುದುರೆಯ ಮುಖದ ಮೇಲೆ ಇರಬೇಕು, ಅಷ್ಟೇ.

ಮತದಾನದ ಮೇಲೆ ನಿಂತ ಪ್ರಶಸ್ತಿಗೆ ಮತದಾನದ ಕಷ್ಟಗಳು ಬಂದೇ ಬರುತ್ತವೆ. 1991ರಲ್ಲಿ ಗಾಳ ಹಾಕುವವರ ಪತ್ರಿಕೆಯೊಂದು ಮೀನು ಹಿಡಿಯುವ ಸ್ಪರ್ಧೆಯ ಚಾಂಪಿಯನ್ ಬಾಬ್ ನಡ್ ಅವರ ಪರವಾಗಿ ಅಭಿಯಾನ ನಡೆಸಿತು. ಅತಿ ಹೆಚ್ಚು ಮತ ಅವರಿಗೇ ಬಂದರೂ ಅದು ನಿಯಮಕ್ಕೆ ವಿರುದ್ಧವೆಂದು ಬಿಬಿಸಿ ಆ ಮತಗಳನ್ನು ಕೈಬಿಟ್ಟಿತು. ಪ್ರಶಸ್ತಿ ಓಟಗಾರ್ತಿ ಲಿಜ್ ಮೆಕಾಲ್ಗನ್ ಅವರ ಪಾಲಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು 2011ರಲ್ಲಿ. ಪತ್ರಿಕೆಗಳ ಕ್ರೀಡಾ ಸಂಪಾದಕರು ಸೂಚಿಸಿದ ಹೆಸರುಗಳಿಂದ ತಯಾರಾದ ಅಂತಿಮ ಪಟ್ಟಿಯಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಸೂಚಿಸಿದ ಪತ್ರಿಕೆಗಳ ಪೈಕಿ ಗಂಡಸರಿಗೆಂದೇ ನಡೆಯುವ ಮ್ಯಾಗಜಿನ್‌ಗಳೂ ಇದ್ದವೆಂದು ತಿಳಿದಾಗ ಟೀಕೆ ಇನ್ನಷ್ಟು ಬಿರುಸಾಯಿತು. ಮರುವರ್ಷದಿಂದ ತಜ್ಞರ ಸಮಿತಿ ಬಂತು. ಆ ಒಲಿಂಪಿಕ್ಸ್ ವರ್ಷದ 12 ಹೆಸರುಗಳಲ್ಲಿ 5 ಮಹಿಳೆಯರದ್ದಾಗಿದ್ದವು.

1962ರಿಂದ 1964ರವರೆಗೆ ಸತತ ಮೂರು ವರ್ಷ ಈಜುಗಾರ್ತಿ ಆನಿಟಾ ಲಾನ್ಸ್‌ಬರೊ, ಅಥ್ಲೀಟ್‌ಗಳಾದ ಡೊರೊತಿ ಹೈಮನ್ ಮತ್ತು ಮೇರಿ ರ‍್ಯಾಂಡ್ ಗೆದ್ದಿದ್ದ ಪ್ರಶಸ್ತಿ ಇದು ಎಂಬುದನ್ನು ನೆನೆದರೆ, 2006ರ ನಂತರ 2021ರವರೆಗೆ ಒಬ್ಬ ಮಹಿಳೆಯೂ ಗೆಲ್ಲದಿದ್ದುದು ನೋವಿನ ಸಂಗತಿ. 2021ರಲ್ಲಿ ಟೆನಿಸ್ ಆಟಗಾರ್ತಿ ಎಮ್ಮಾ ರಡುಕಾನು ಆ ಬರವನ್ನು ಮುರಿದರು. ಬಳಿಕ ಫುಟ್‌ಬಾಲ್ ಆಟಗಾರ್ತಿಯರಾದ ಬೆತ್ ಮೀಡ್, ಮೇರಿ ಅರ್ಪ್ಸ್, ಓಟಗಾರ್ತಿ ಕೀಲಿ ಹಾಡ್ಜ್‌ಕಿನ್ಸನ್ ಸಾಲಾಗಿ ಗೆದ್ದರು. ಇದರ ಕಾರಣವನ್ನು ಸಮಿತಿಯ ಬದಲಾವಣೆಯಲ್ಲಷ್ಟೇ ಹುಡುಕಿದರೆ ಸಾಲದು. ರಡುಕಾನು ಆಡಿದ ಅಮೆರಿಕನ್ ಓಪನ್ ಫೈನಲ್‌ನ ಪ್ರಸಾರ ಹಕ್ಕು ಚಂದಾ ಕಟ್ಟಿ ನೋಡುವ ಅಮೆಜಾನ್ ಬಳಿ ಇತ್ತು. ಕೊನೆಯ ಗಳಿಗೆಯ ಒಪ್ಪಂದದಿಂದ ಅದು ಉಚಿತ ವಾಹಿನಿಯಾದ ಚಾನೆಲ್ 4ರಲ್ಲೂ ಬಂತು. 2019ರ ವಿಶ್ವಕಪ್ ಕ್ರಿಕೆಟ್ ಫೈನಲ್ ಕೂಡ ಸ್ಕೈ ವಾಹಿನಿಯ ಜೊತೆಗೆ ಚಾನೆಲ್ 4ರಲ್ಲಿ ಪ್ರಸಾರವಾಗಿತ್ತು, ಆ ಪಂದ್ಯದ ಹೀರೊ ಸ್ಟೋಕ್ಸ್ ಆ ಡಿಸೆಂಬರಿನಲ್ಲಿ ಬೆಳ್ಳಿಯ ಕ್ಯಾಮೆರಾ ಎತ್ತಿಕೊಂಡರು. ಮೀಡ್ ಅವರ ಯುರೋ ಕಪ್ ಮತ್ತು ಹಾಡ್ಜ್‌ಕಿನ್ಸನ್ ಅವರ ಪ್ಯಾರಿಸ್ ಓಟ ಬಿಬಿಸಿಯಲ್ಲೇ ಬಂದವು. ಈ ಸೂತ್ರ ಎಲ್ಲ ಕಾಲಕ್ಕೂ ಒಪ್ಪುವುದಿಲ್ಲ. 2020ರಲ್ಲಿ ಗೆದ್ದ ಲೂಯಿಸ್ ಹ್ಯಾಮಿಲ್ಟನ್ ಅವರ ರೇಸುಗಳನ್ನು ಬಹುಪಾಲು ಜನ ನೇರವಾಗಿ ನೋಡಬೇಕಾದರೆ ಹಣ ಕೊಡಬೇಕಿತ್ತು. ಆದರೂ 1954ರ ಅಂಚೆ ಕಾರ್ಡುಗಳು ಹೇಳಿದ್ದೇ ಹೆಚ್ಚು ಸಲ ನಿಜವಾಗಿದೆ.

ನಮ್ಮಲ್ಲಿ 2007ರ ಕಾಯ್ದೆಯ ಪ್ರಕಾರ, ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಗುರುತಿಸಿದ ಪಂದ್ಯಗಳ ಸಿಗ್ನಲ್ಲನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು. ಕ್ರಿಕೆಟ್ ಹಳ್ಳಿಗೂ ತಲುಪುವುದಕ್ಕೆ ಅದು ನೆರವಾಗಿದೆ. ಆದರೆ ಸಿಗ್ನಲ್ಲೇ ಇಲ್ಲದ ಆಟವನ್ನು ಹಂಚಿಕೊಳ್ಳುವುದು ಹೇಗೆ? ಬಿಬಿಸಿಯೇ ಭಾರತದ ಕ್ರೀಡಾಪಟುಗಳಿಗಾಗಿ ‘ವರ್ಷದ ಭಾರತೀಯ ಕ್ರೀಡಾಪಟು ಮಹಿಳೆ’ ಪ್ರಶಸ್ತಿ ಆರಂಭಿಸಿ 2020ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಬಾರಿ ಕೊಟ್ಟಾಗ, ಜನರ ಮತದಿಂದ ಗೆದ್ದವರು ಪಿ.ವಿ. ಸಿಂಧು. ಅವರ ಅರ್ಹತೆ ಪ್ರಶ್ನಾತೀತ. ಅವರ ಆಟವನ್ನು ನಾವೆಲ್ಲ ನೋಡಿದ್ದೆವು ಎಂಬುದೂ ಅಷ್ಟೇ ನಿಜ.

ಕೆಲವು ವರ್ಷಗಳ ಹಿಂದೆ ನಾನು ನಿರ್ದೇಶಿಸಿದ ಒಂದು ಪ್ರಶಸ್ತಿ ಸಮಾರಂಭದಲ್ಲಿ ಒಬ್ಬ ಕ್ರಿಕೆಟಿಗನ ನಂತರ ಒಬ್ಬ ಖೋ ಖೋ ಆಟಗಾರ್ತಿಯ ಹೆಸರು ಕರೆಯಬೇಕಿತ್ತು. ಕ್ರಿಕೆಟಿಗನಿಗೆ ಒಂದು ನಿಮಿಷದ ದೃಶ್ಯಗಳು ಸಿದ್ಧವಿದ್ದವು. ಸಿಕ್ಸರ್ ಬಿದ್ದಾಗಲೆಲ್ಲ ಸಭೆ ಚಪ್ಪಾಳೆ ತಟ್ಟಿತು. ಆಕೆಯದ್ದು ನಮ್ಮ ಬಳಿ ಒಂದು ಸೆಕೆಂಡಿನ ದೃಶ್ಯವೂ ಇರಲಿಲ್ಲ. ಗುರುತಿನ ಚೀಟಿಗೆ ತೆಗೆಸಿದ್ದ ಫೋಟೊವನ್ನೇ ದೊಡ್ಡದು ಮಾಡಿ ಪರದೆಯ ಮೇಲೆ ಹಾಕಿದೆವು. ಆಕೆ ಮೆಟ್ಟಿಲು ಹತ್ತಿ ವೇದಿಕೆಗೆ ಬರುವವರೆಗೂ ಆ ಮಸುಕು ಮುಖ ಅಲ್ಲಾಡದೆ ನಿಂತಿತ್ತು, ಸಭಾಂಗಣ ಸುಮ್ಮನಿತ್ತು. ನಿಯಂತ್ರಣ ಕೊಠಡಿಯಲ್ಲಿ, ತಂಡದವರೊಂದಿಗೆ ಮಾತನಾಡುವ ಟಾಕ್‌ಬ್ಯಾಕ್ ಮೇಲೆ ಕೈಯಿಟ್ಟುಕೊಂಡಿದ್ದ ನನಗೆ ಕ್ಯಾಮೆರಾಮನ್‌ಗಳಿಗೆ ಹೇಳಲು ಮಾತೇ ಹೊಳೆಯಲಿಲ್ಲ. ಆಕೆ ಫಲಕ ಪಡೆದು ಇಳಿಯುವಾಗ ಎರಡನೇ ಸಾಲಿನಲ್ಲಿ ಕೂತಿದ್ದ ಆಕೆಯ ತಾಯಿ ಎದ್ದು ನಿಂತದ್ದನ್ನು ಮೂರನೇ ಕ್ಯಾಮೆರಾದ ಹುಡುಗ ತಾನಾಗಿಯೇ ಹುಡುಕಿ ಹಿಡಿದ. ನಾನು ಆ ಚಿತ್ರಕ್ಕೆ ಕಟ್ ಮಾಡಿದೆ, ಬೇಗ ಬದಲಿಸಲಿಲ್ಲ. ಮುಂದಿನ ವರ್ಷದ ಸಮಾರಂಭಕ್ಕೆ ನಾನು ಒಪ್ಪುವ ಮುನ್ನ ಸಂಘಟಕರಲ್ಲಿ ಒಂದೇ ಒಂದು ಬೇಡಿಕೆ ಇಟ್ಟೆ: ಪ್ರಶಸ್ತಿಯ ಪಟ್ಟಿಯಲ್ಲಿರುವ ಪ್ರತಿಯೊಂದು ಆಟದ ರಾಜ್ಯಮಟ್ಟದ ಫೈನಲ್‌ಗೆ ಒಂದು ಕ್ಯಾಮೆರಾವನ್ನಾದರೂ ಕಳುಹಿಸಬೇಕು. ಅವರು ಒಪ್ಪಿ ಕಳುಹಿಸಿದರು.